ಹಂಚಿನ ಮನೆಯ ಒಳಗಿನ ಬಿಸಿಲು, ನೆರಳನ್ನು ಫೋಟೋದಲ್ಲಿ ಹಿಡಿಯುವುದು ಹೇಗೆ?

ಸೂರಂಚು (ತೀರ್ಥಹಳ್ಳಿ ತಾಲ್ಲೂಕು) ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ದಾರಿಯಲ್ಲಿ, ಅಡಿಕೆ ತೋಟದ ತಲೆಗೆ ಕಟ್ಟಿದ ಹಳೆಯ ತೊಟ್ಟಿ ಮನೆ. ಪೂರ್ವಕ್ಕೆ ಮುಖ ಮಾಡಿದ ಜಗಲಿ, ಅದನ್ನು ದಾಟಿದರೆ ನಾಲ್ಕೂ ಸುತ್ತ ಮಾಡು ಇಳಿದಿರುವ ಒಳಅಂಗಳ, ಅದರ ಆಚೆಗೆ ನಡುಮನೆ ಮತ್ತು ಅಡುಗೆಮನೆ. ಮಾಡಿಗೆ ಮಂಗಳೂರು ಹಂಚು ಹೊದಿಸಿದೆ. ಅಡುಗೆಮನೆಯ ಮೇಲೆ ಎರಡು ಗಾಜಿನ ಹಂಚುಗಳಿವೆ. ಹಂಚು ಹೊತ್ತ ಮರದ ಪಕಾಸು, ರೀಪುಗಳಿಗೆ ಗೆದ್ದಲು ಹಿಡಿದಿರುವುದರಿಂದಲೂ ಮಂಗಗಳು ವರ್ಷವರ್ಷವೂ ಹಂಚು ಒಡೆಯುವುದರಿಂದಲೂ, ಬರುವ ಜನವರಿ ಕೊನೆಗೆ ಮಾಡನ್ನು ಬಿಚ್ಚಿಸಿ ಶೀಟು ಹಾಕಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಆ ತೀರ್ಮಾನದ ಬಗ್ಗೆ ನನಗೆ ತಕರಾರಿಲ್ಲ, ಏಕೆಂದರೆ ಮಳೆಗಾಲದಲ್ಲಿ ಸೋರುವ ಮನೆಯೊಳಗೆ ಪಾತ್ರೆ ಇಡುತ್ತ ಓಡಾಡುವವಳು ನಾನಲ್ಲ, ಅಮ್ಮ.

ಮಾಡು ಇಳಿಯುವ ಮೊದಲು ಮನೆಯೊಳಗಿನ ಬೆಳಕನ್ನು, ಅದರಲ್ಲಿ ಕೂತ ಅಜ್ಜಿಯನ್ನು ಫೋಟೋದಲ್ಲಿ ಉಳಿಸಿಕೊಳ್ಳಬೇಕೆಂಬುದು ನನ್ನ ಆಸೆ. ಆದರೆ ಕಣ್ಣಿಗೆ ಕಾಣುವುದು ಫೋಟೋದಲ್ಲಿ ಬರುತ್ತಿಲ್ಲ. ಮೊಬೈಲಿನಲ್ಲಿ ತೆಗೆದರೆ ಅದು ಮೂಲೆಮೂಲೆಯನ್ನೂ ಬೆಳಗಿಸಿ, ಅಡುಗೆಮನೆಯನ್ನು ಟ್ಯೂಬ್‌ಲೈಟಿನ ಅಂಗಡಿಯಂತೆ ಮಾಡಿಬಿಡುತ್ತದೆ. ಅಣ್ಣ ಬಿಟ್ಟುಹೋದ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ (18-55 ಮಿ.ಮೀ. ಲೆನ್ಸು) ತೆಗೆದರೆ ಕಿಟಕಿಯ ಜಾಗದಲ್ಲಿ ಬಿಳಿಯ ಕಲೆ ಮಾತ್ರ ಉಳಿಯುತ್ತದೆ, ಇಲ್ಲವೇ ಕಿಟಕಿ ಸರಿಯಾಗಿ ಬಂದು ಅಜ್ಜಿ ಕಾಣೆಯಾಗುತ್ತಾರೆ. ಯಾವ ಹೊತ್ತಿಗೆ, ಯಾವ ಬಗೆಯಲ್ಲಿ ತೆಗೆಯಬೇಕು? ಬೇರೆ ದೀಪಗಳನ್ನೇನಾದರೂ ಕೊಳ್ಳಬೇಕೆ?

ಬೆಳಕಿಂಡಿ (ಸಾಗರ)

ದೀಪ ಕೊಳ್ಳಬೇಡಿ, ಇರುವ ದೀಪಗಳನ್ನೂ ಆರಿಸಿ. ಹಗಲಿನ ಬೆಳಕಿನ ಜೊತೆ ಹಳದಿ ಬಲ್ಬೋ ಎಲ್‌ಇಡಿಯೋ ಸೇರಿಕೊಂಡರೆ ಒಂದೇ ಗೋಡೆಯಲ್ಲಿ ಎರಡು ಬಣ್ಣಗಳು ಬಂದು, ಆಮೇಲೆ ಎಷ್ಟು ತಿದ್ದಿದರೂ ಹೊಂದುವುದಿಲ್ಲ.

ನಿಮಗಾಗುತ್ತಿರುವ ತೊಂದರೆಯನ್ನು ಅಂಕಿಯಲ್ಲಿ ಹೇಳುತ್ತೇನೆ. ನೇರ ಬಿಸಿಲು ಬಿದ್ದ ಜಾಗಕ್ಕೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ) ಎಫ್/8 ಇಟ್ಟರೆ ಸೆಕೆಂಡಿನ 400ನೇ ಒಂದು ಭಾಗದ ಷಟರ್ ಸಾಕು. ಅದೇ ಅಡುಗೆಮನೆಯ ಕತ್ತಲ ಮೂಲೆಗೆ, ಅದೇ ಐಎಸ್‌ಒ ಮತ್ತು ಅಪರ್ಚರಿನಲ್ಲಿ, ಎರಡು ಸೆಕೆಂಡು ಬೇಕಾಗಬಹುದು. ಅಂದರೆ ಎರಡರ ನಡುವೆ ಎಂಟುನೂರು ಪಟ್ಟು, ಫೋಟೋದವರ ಲೆಕ್ಕದಲ್ಲಿ ಸುಮಾರು ಹತ್ತು ಸ್ಟಾಪುಗಳಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿಯಾಗುವುದು) ಅಂತರವಿದೆ. ನಮ್ಮ ಕಣ್ಣು ಒಂದೊಂದು ಕಡೆ ನೋಡಿದಾಗಲೂ ತನ್ನನ್ನು ಹೊಂದಿಸಿಕೊಳ್ಳುವುದರಿಂದ ಈ ಅಂತರ ನಮಗೆ ಗೊತ್ತಾಗುವುದಿಲ್ಲ. ಕ್ಯಾಮೆರಾ ಮಾತ್ರ ಇಡೀ ದೃಶ್ಯಕ್ಕೆ ಒಂದೇ ಅಳತೆಯನ್ನು ಆರಿಸಬೇಕು. ಸ್ವಯಂಚಾಲಿತ ವ್ಯವಸ್ಥೆಗೆ ಬಿಟ್ಟರೆ ಅದು ಕತ್ತಲೆಯೇ ಹೆಚ್ಚಿರುವ ದೃಶ್ಯವನ್ನು ಕಂಡು, ಇಲ್ಲಿ ಬೆಳಕು ಸಾಲದೆಂದು ಭಾವಿಸಿ, ಎಲ್ಲವನ್ನೂ ಎತ್ತುತ್ತದೆ.

ಆದ್ದರಿಂದ ಅಳತೆಯನ್ನು ಬೆಳಕಿನಿಂದ ತೆಗೆದುಕೊಳ್ಳಿ. ಕ್ಯಾಮೆರಾದಲ್ಲಿ ಸ್ಪಾಟ್ ಮೀಟರಿಂಗ್ (ಒಂದು ಚಿಕ್ಕ ಜಾಗದ ಬೆಳಕನ್ನು ಮಾತ್ರ ಅಳೆಯುವ ಬಗೆ) ಆರಿಸಿ, ಅಜ್ಜಿಯ ಮುಖದಲ್ಲಿ ಬೆಳಕು ಬಿದ್ದ ಕೆನ್ನೆಯನ್ನು ಅಳೆದು, ಅದು ಹೊಳೆದು ಬಿಳುಚಿಕೊಳ್ಳದ ಮಟ್ಟಕ್ಕೆ ಎಕ್ಸ್‌ಪೋಶರ್ ಇಳಿಸಿ. ಮೊಬೈಲಿನಲ್ಲಾದರೆ ಬೆಳಕಿರುವ ಜಾಗದ ಮೇಲೆ ಬೆರಳನ್ನು ಒತ್ತಿಹಿಡಿದರೆ ಅಳತೆ ಅಲ್ಲಿಗೇ ನಿಲ್ಲುತ್ತದೆ. ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆಯಿರಿ. ನೆರಳನ್ನು ತಾವಾಗಿಯೇ ಬೆಳಗಿಸುವ ಎಚ್‌ಡಿಆರ್ ಮತ್ತು ನೈಟ್ ಮೋಡ್ ಎರಡನ್ನೂ ನಿಲ್ಲಿಸಿ. ನಿಮ್ಮ ಅಡುಗೆಮನೆಯನ್ನು ಅಂಗಡಿ ಮಾಡುತ್ತಿರುವುದು ಅವೇ. ಡಿಎಸ್‌ಎಲ್‌ಆರ್‌ನಲ್ಲಿ ರಾ ಕಡತವಾಗಿ (ಕ್ಯಾಮೆರಾ ತಾನು ತಿದ್ದದೆ ಉಳಿಸುವ ಚಿತ್ರವಾಗಿ) ಉಳಿಸಿಕೊಂಡರೆ ನೆರಳಿನೊಳಗಿನ ವಿವರಗಳನ್ನು ಆಮೇಲೆ ಬೇಕಾದಷ್ಟು ಮೇಲೆತ್ತಬಹುದು. ಸುಟ್ಟುಹೋದ ಬಿಳುಪನ್ನು ಮಾತ್ರ ಯಾವ ತಂತ್ರಾಂಶವೂ ಮರಳಿ ತರುವುದಿಲ್ಲ. ವೈಟ್ ಬ್ಯಾಲೆನ್ಸನ್ನು (ಬೆಳಕಿನ ಬಣ್ಣದ ಹೊಂದಾಣಿಕೆಯನ್ನು) ಬಿಸಿಲಿನ ಗುರುತಿಗೆ ನಿಲ್ಲಿಸಿಬಿಡಿ, ಆಗ ನೆರಳಿನ ನೀಲಿ ಛಾಯೆ ನೀಲಿಯಾಗಿಯೇ ಉಳಿಯುತ್ತದೆ.

ಇನ್ನೊಂದು ಮಾತು. ಆ ಲೆನ್ಸು ಆಗುಂಬೆ ಸೀಮೆಯಲ್ಲಿ ಎಷ್ಟು ಮಳೆಗಾಲ ಕಳೆದಿದೆಯೋ, ಒಮ್ಮೆ ಟಾರ್ಚು ಹಿಡಿದು ಒಳಗೆ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಬೂಸು ಹಿಡಿದಿದೆ ಎಂದರ್ಥ. ಎದುರು ಬೆಳಕಿನಲ್ಲಿ ತೆಗೆಯುವಾಗ ಆ ಎಳೆಗಳೇ ಚಿತ್ರಕ್ಕೆಲ್ಲ ಮಂಕು ಕವಿಸುತ್ತವೆ.

ನಿವೃತ್ತ ಮೇಷ್ಟ್ರು (ಶಿವಮೊಗ್ಗ)

ಸಾಗರದವರು ಹೇಳಿದ ಅಳತೆಯ ವಿಚಾರ ಸರಿಯಾಗಿದೆ. ನಾನು ವಿಜ್ಞಾನ ಪಾಠ ಮಾಡಿದವನಾದ್ದರಿಂದ ‘ಯಾವ ಹೊತ್ತಿಗೆ’ ಎಂಬ ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇನೆ. ಸ್ವಲ್ಪ ದೀರ್ಘವಾದರೆ ಸಹಿಸಿಕೊಳ್ಳಬೇಕು.

ನಮ್ಮ ಗಡಿಯಾರ ತೋರಿಸುವ ಭಾರತೀಯ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶದ್ದು. ತೀರ್ಥಹಳ್ಳಿ ಅದಕ್ಕಿಂತ ಏಳು ಡಿಗ್ರಿಗೂ ಸ್ವಲ್ಪ ಹೆಚ್ಚು ಪಶ್ಚಿಮದಲ್ಲಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ನಮ್ಮ ನಿಜವಾದ ನಡುಹಗಲು ಗಡಿಯಾರದ ಹನ್ನೆರಡಕ್ಕೆ ಬರುವುದಿಲ್ಲ. ಡಿಸೆಂಬರಿನ ಕೊನೆಯ ವಾರದಲ್ಲಿ 12 ಗಂಟೆ 30 ನಿಮಿಷದ ಆಸುಪಾಸಿನಲ್ಲಿ, ಜನವರಿ ಕೊನೆಗೆ 12 ಗಂಟೆ 40 ನಿಮಿಷ ದಾಟಿದ ಮೇಲೆ ಬರುತ್ತದೆ. ಡಿಸೆಂಬರ್ ಕೊನೆಯ ಈ ದಿನಗಳಲ್ಲಿ ನಡುಹಗಲಿನಲ್ಲೂ ಸೂರ್ಯ ದಕ್ಷಿಣಕ್ಕೆ ವಾಲಿ, ಸುಮಾರು 53 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಆದ್ದರಿಂದ ನಿಮ್ಮ ಒಳಅಂಗಳದ ಉತ್ತರದ ಪಕ್ಕಕ್ಕೆ ಬಿಸಿಲು ಹೊಡೆಯುತ್ತದೆ, ದಕ್ಷಿಣದ ಪಕ್ಕ ನೆರಳಿನಲ್ಲಿ ಕೂರುತ್ತದೆ. ಇದೇ ಅಂಗಳದಲ್ಲಿ ಏಪ್ರಿಲ್ ಕೊನೆಯ ವಾರ ಸೂರ್ಯ ನೆತ್ತಿಯ ಮೇಲೆ ನಿಂತು ಕಂಬದ ನೆರಳನ್ನು ಕಂಬದ ಬುಡಕ್ಕೇ ಸೇರಿಸುತ್ತಾನೆ. ಆಗಸ್ಟ್ ನಡುವಿನಲ್ಲಿ ಮತ್ತೊಮ್ಮೆ ಹಾಗಾಗುತ್ತದೆ, ಆದರೆ ಆಗ ನಿಮ್ಮ ಊರಿನಲ್ಲಿ ಸೂರ್ಯನ ಮುಖ ಕಂಡವರು ಯಾರು?

ಪೂರ್ವದ ಜಗಲಿಗೆ ಬೆಳಗಿನ ಹೊತ್ತೇ ಒಳ್ಳೆಯದು. ಡಿಸೆಂಬರಿನಲ್ಲಿ ಎಂಟು ಗಂಟೆಗೆ ಸೂರ್ಯ ಕ್ಷಿತಿಜದಿಂದ ಸುಮಾರು 15 ಡಿಗ್ರಿ ಮೇಲಿರುತ್ತಾನೆ. ತೋಟದ ಮರಗಳೂ ತಗ್ಗಿದ ಸೂರೂ ಅಡ್ಡ ಬರದಿದ್ದರೆ ಆರಡಿ ಎತ್ತರದ ಬಾಗಿಲಿನಿಂದ ಹೊಕ್ಕ ಬಿಸಿಲು ಓರೆಯಾಗಿ ಇಪ್ಪತ್ತು ಅಡಿ ಒಳಕ್ಕೆ ಚಾಚಿಕೊಳ್ಳುತ್ತದೆ. ಮಂಜು ಹರಿಯುವವರೆಗೆ ಮಾತ್ರ ಕಾಯಬೇಕು. ಮಂಜಿರುವಾಗ ಆಕಾಶವೇ ಒಂದು ದೊಡ್ಡ ದೀಪವಾಗಿಬಿಡುವುದರಿಂದ ನೆರಳಿಗೆ ಅಂಚೇ ಇರುವುದಿಲ್ಲ.

ಅಂಚಿನ ಮಾತು ಬಂದದ್ದರಿಂದ ಹೇಳುತ್ತೇನೆ. ಸೂರ್ಯ ನಮಗೆ ಚುಕ್ಕಿಯಾಗಿ ಕಾಣುವುದಿಲ್ಲ, ಅರ್ಧ ಡಿಗ್ರಿ ಅಗಲದ ತಟ್ಟೆಯಾಗಿ ಕಾಣುತ್ತಾನೆ. ಆ ಕಾರಣದಿಂದ ವಸ್ತುವಿನಿಂದ ನೆರಳು ಎಷ್ಟು ದೂರ ಬೀಳುತ್ತದೆಯೋ ಅದರ ಸುಮಾರು 108ನೇ ಒಂದು ಭಾಗದಷ್ಟು ಅಂಚು ಮಸುಕಾಗುತ್ತದೆ. ಕಿಟಕಿಯ ಸರಳಿನಿಂದ ಒಂದು ಮೀಟರು ದೂರದ ಗೋಡೆಯಲ್ಲಿ ಈ ಮಸುಕು ಒಂದು ಸೆಂಟಿಮೀಟರಿಗೂ ಕಡಿಮೆ, ನೆರಳು ಗೆರೆ ಎಳೆದಂತಿರುತ್ತದೆ. ಒಂದಿಂಚು ದಪ್ಪದ ಸರಳಿನ ನೆರಳು ಒಂಬತ್ತು ಅಡಿ ದಾಟಿದರೆ ತನ್ನ ಕಪ್ಪು ತಿರುಳನ್ನು ಪೂರ್ತಿ ಕಳೆದುಕೊಂಡು ಬರಿಯ ಮಬ್ಬಾಗುತ್ತದೆ. ಕಿಟಕಿಯ ಸರಳುಗಳ ಪಟ್ಟೆಪಟ್ಟೆ ನೆರಳು ನಿಚ್ಚಳವಾಗಿ ಬೇಕಾದರೆ ಅಜ್ಜಿಯನ್ನು ಕಿಟಕಿಯ ಹತ್ತಿರ ಕೂರಿಸಬೇಕು, ಮೃದುವಾಗಿ ಬೇಕಾದರೆ ಕೋಣೆಯ ಆಚೆ ಬದಿಗೆ. ಕ್ಯಾಮೆರಾದ ಯಾವ ಗುಂಡಿಯೂ ಇದನ್ನು ಬದಲಿಸುವುದಿಲ್ಲ.

ಹಂಚಿನ ಸಂದಿಗಳಿಂದ ನೆಲಕ್ಕೆ ಬೀಳುವ ಬೆಳಕಿನ ಬಿಲ್ಲೆಗಳು ಏಕೆ ದುಂಡಗಿರುತ್ತವೆಂದು ಮಕ್ಕಳನ್ನು ಕೇಳುತ್ತಿದ್ದೆ. ಸಂದಿ ಮುಕ್ಕೋನವಿರಲಿ, ಸೊಟ್ಟಗಿರಲಿ, ಅದು ಚಿಕ್ಕದಾಗಿದ್ದರೆ ಬಿಲ್ಲೆ ದುಂಡಗೇ ಬೀಳುತ್ತದೆ (ಓರೆಯಾಗಿ ಬಿದ್ದರೆ ಮೊಟ್ಟೆಯಾಕಾರ), ಏಕೆಂದರೆ ಅದು ಸಂದಿಯ ಆಕಾರವಲ್ಲ, ಸೂರ್ಯನದೇ ಪ್ರತಿಬಿಂಬ. ಹಂಚಿನಿಂದ ನೆಲಕ್ಕೆ ಬೆಳಕು ಕ್ರಮಿಸುವ ದೂರ ಐದು ಮೀಟರಾದರೆ ಬಿಲ್ಲೆಯ ಅಗಲ ನಾಲ್ಕೂವರೆ ಸೆಂಟಿಮೀಟರಿನ ಹತ್ತಿರ. 2019ರ ಡಿಸೆಂಬರ್ 26ರ ಬೆಳಗ್ಗೆ ಮಂಗಳೂರು, ಕೊಡಗಿನ ಕಡೆ ಕಂಕಣ ಗ್ರಹಣವೂ ನಮ್ಮಲ್ಲಿ ಪಾರ್ಶ್ವ ಗ್ರಹಣವೂ ಆದಾಗ, ನನ್ನ ಅಕ್ಕನ ಮನೆಯ ನಡುಮನೆಯಲ್ಲಿ ಬಿದ್ದ ಬಿಲ್ಲೆಗಳೆಲ್ಲ ಒಂದೇ ದಿಕ್ಕಿಗೆ ಬಾಗಿದ ಕುಡುಗೋಲುಗಳಾಗಿದ್ದವು. ಅಕ್ಕ ಗ್ರಹಣ ಮುಗಿಯುವವರೆಗೆ ಅವನ್ನು ತುಳಿಯಲು ಬಿಡಲಿಲ್ಲ.

ನಿಮ್ಮ ಕೆಲಸಕ್ಕೆ ಬೇಕಾದದ್ದು ಇಷ್ಟು: ಸೂರ್ಯ ತನ್ನ ಅಗಲದಷ್ಟು ದೂರ ಸರಿಯಲು ಎರಡೇ ನಿಮಿಷ ಸಾಕಾದ್ದರಿಂದ ಬಿಲ್ಲೆಯೂ ಎರಡು ನಿಮಿಷದಲ್ಲಿ ತನ್ನ ಅಗಲದಷ್ಟು ಜರುಗಿಬಿಡುತ್ತದೆ. ಅದು ಅಜ್ಜಿಯ ಕೈಮೇಲೆ ಬಂದಾಗ ತೆಗೆಯುತ್ತೇನೆಂದುಕೊಂಡರೆ ಕ್ಯಾಮೆರಾವನ್ನು ಮೊದಲೇ ಹೊಂದಿಸಿ ಇಟ್ಟುಕೊಂಡಿರಬೇಕು. ಜೊತೆಗೆ, ಹದಿಮೂರು ಅಡಿ ಎತ್ತರದ ಹಂಚಿನಿಂದ ಡಿಸೆಂಬರ್ ಕೊನೆಯ ನಡುಹಗಲಿನಲ್ಲಿ ಬಿಲ್ಲೆ ಬೀಳುವ ಜಾಗಕ್ಕೂ ಜನವರಿ ಕೊನೆಯಲ್ಲಿ ಬೀಳುವ ಜಾಗಕ್ಕೂ ಹೆಚ್ಚುಕಡಿಮೆ ಎರಡು ಅಡಿ ವ್ಯತ್ಯಾಸವಾಗುತ್ತದೆ. ಇಂದು ಗುರುತು ಮಾಡಿಟ್ಟುಕೊಂಡು ತಿಂಗಳ ನಂತರ ತೆಗೆಯಲು ಹೋಗಬೇಡಿ.

ಸೂರಂಚು (ತೀರ್ಥಹಳ್ಳಿ ತಾಲ್ಲೂಕು)

ಇಬ್ಬರಿಗೂ ಧನ್ಯವಾದಗಳು. ಲೆನ್ಸಿನ ಒಳಗೆ ಒಂದು ಮೂಲೆಯಲ್ಲಿ ಎಳೆಗಳಿರುವುದು ನಿಜ. ಅದರಲ್ಲೇ ಮೂರು ದಿನ ತೆಗೆದು ನೋಡಿದೆ. ಕಿಟಕಿ ಸುಡುವುದು ನಿಂತಿದೆ, ಜಗಲಿಯ ಕಂಬಗಳ ನೆರಳು ಮೊದಲ ಬಾರಿಗೆ ನಾನು ಕಂಡಂತೆಯೇ ಬಂದಿದೆ.

ಆದರೆ ಎರಡು ತೊಡಕುಗಳಿವೆ. ಕೆಂಪು ಗಾರೆಯ ನೆಲದ ಮೇಲೆ ಬಿಸಿಲು ಬಿದ್ದಾಗ ಅಜ್ಜಿಯ ಗದ್ದದ ಕೆಳಗೆಲ್ಲ ಕೆಂಪು ಬಳಿದಂತಾಗುತ್ತದೆ, ತೋಟದ ಕಡೆಯ ಕಿಟಕಿಯ ಬಳಿ ಹಸಿರು ಛಾಯೆ ಬರುತ್ತದೆ. ಎರಡನೆಯದು, ಗಾಜಿನ ಹಂಚಿನಿಂದ ಒಲೆಯ ಮೇಲಕ್ಕೆ ಇಳಿಯುವ ಬೆಳಕಿನ ಕೋಲು ಕಣ್ಣಿಗೆ ಕಂಡರೂ ಫೋಟೋದಲ್ಲಿ ಇರುವುದೇ ಇಲ್ಲ. ಇದರ ನಡುವೆ ಅಜ್ಜಿ, ‘ಹೀಗೆ ತಿರುಗಿ, ಹಾಗೆ ಕೂರಿ’ ಎಂದು ನಾನು ಎರಡು ಸಲ ಹೇಳಿದ ಮೇಲೆ, ಸೆರಗು ಕೊಡವಿಕೊಂಡು ಎದ್ದು ಹೋದರು.

ಸ್ಟುಡಿಯೋದವನು (ಹೊಸನಗರ)

ಮದುವೆ ಫೋಟೋ ತೆಗೆದು ಬದುಕುವವನು ನಾನು. ಮನೆಯೊಳಗಿನ ಬೆಳಕಿನ ಜೊತೆ ಇಪ್ಪತ್ತು ವರ್ಷ ಹೆಣಗಿದ್ದೇನೆ. ಮೊದಲಿಗೆ ಸಾಗರದವರ ಒಂದು ಮಾತಿಗೆ ನನ್ನ ಭಿನ್ನಾಭಿಪ್ರಾಯ. ನೆರಳನ್ನು ಆಮೇಲೆ ಬೇಕಾದಷ್ಟು ಎತ್ತಬಹುದೆಂದು ಅವರು ಬರೆದಿದ್ದಾರೆ. ಎತ್ತಬಹುದು, ಆದರೆ ಎತ್ತಿದಂತೆಲ್ಲ ಮರಳು ಚೆಲ್ಲಿದಂತೆ ಕಾಳುಕಾಳಾಗುತ್ತದೆ, ಹಳೆಯ ಕ್ಯಾಮೆರಾದಲ್ಲಂತೂ ಕಪ್ಪು ನೇರಳೆಗೆ ತಿರುಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಟ್ಟದ ಕೆಳಗಿನ ಕತ್ತಲೆಯಲ್ಲಿ ಏನಿದೆಯೆಂದು ನಮಗೆ ನಿಜ ಜೀವನದಲ್ಲೂ ಕಾಣುವುದಿಲ್ಲ. ಹೊಗೆ ಹಿಡಿದು ಕರಿಬಿದ್ದ ಆ ಜಂತೆಗಳನ್ನು ಫೋಟೋದಲ್ಲಿ ಎಣಿಸುವಂತೆ ಮಾಡಿದರೆ ಅದು ಬೇರೆ ಯಾರದೋ ಮನೆಯಾಗುತ್ತದೆ. ಕಪ್ಪಾಗಿರುವುದು ಕಪ್ಪಾಗಿಯೇ ಇರಲಿ.

ಬಣ್ಣದ ತೊಡಕಿಗೆ ಮನೆಯಲ್ಲೇ ಮದ್ದಿದೆ. ಕೆಂಪು ನೆಲದ ಮೇಲೆ, ಚಿತ್ರದ ಚೌಕಟ್ಟಿನಿಂದ ಆಚೆಗೆ, ಒಗೆದ ಬಿಳಿ ಪಂಚೆಯೊಂದನ್ನು ಹಾಸಿ. ನೆಲದಿಂದ ಪುಟಿಯುತ್ತಿದ್ದ ಕೆಂಪು ನಿಂತು, ಬದಲಿಗೆ ಬಿಳಿಯ ಬೆಳಕು ಮುಖಕ್ಕೆ ಬರುತ್ತದೆ. ನೀಲಿ ಹಾಕಿದ ಪಂಚೆ ಬೇಡ, ಅದು ತನ್ನದೇ ಛಾಯೆ ಕೊಡುತ್ತದೆ. ಮುಖದ ನೆರಳಿನ ಬದಿ ತೀರ ಬೆಳ್ಳಗಾಗುತ್ತಿದ್ದರೆ ಆ ಬದಿಗೆ ಕರಿಯ ಕಂಬಳಿಯನ್ನು ನೇತುಹಾಕಿ. ಗೋಡೆಯ ಸುಣ್ಣದಿಂದ ಮರಳಿ ಬರುವ ಬೆಳಕನ್ನು ಅದು ನುಂಗಿಕೊಂಡು ಕೆನ್ನೆಗೂ ಮೂಗಿಗೂ ಆಕಾರ ಕೊಡುತ್ತದೆ. ಸ್ಟುಡಿಯೋಗಳಲ್ಲಿ ಇದೇ ಕೆಲಸಕ್ಕೆ ಸಾವಿರಾರು ರೂಪಾಯಿಯ ಬಟ್ಟೆಗಳನ್ನು ಕೊಳ್ಳುತ್ತೇವೆ, ಅದನ್ನು ಗಿರಾಕಿಗಳಿಗೆ ಹೇಳುವುದಿಲ್ಲ. ತೋಟದ ಹಸಿರನ್ನು ಮಾತ್ರ ನಾನು ಬಿಟ್ಟುಬಿಡುತ್ತೇನೆ. ಮಲೆನಾಡಿನ ಕಿಟಕಿಯಿಂದ ಹಸಿರು ಬರದೆ ಇನ್ನೇನು ಬರಬೇಕು?

ಬೆಳಕಿನ ಕೋಲಿನ ವಿಚಾರ. ಬೆಳಕು ಪಕ್ಕದಿಂದ ಕಾಣಬೇಕಾದರೆ ಗಾಳಿಯಲ್ಲಿ ಹೊಗೆಯೋ ಧೂಳೋ ಆವಿಯೋ ಇರಲೇಬೇಕು. ಗ್ಯಾಸ್ ಒಲೆ ಬಂದ ಮೇಲೆ ನಿಮ್ಮ ಅಡುಗೆಮನೆಯಲ್ಲಿ ಅದು ಕಡಿಮೆಯಾಗಿರಬಹುದು. ಸೌದೆ ಒಲೆಯನ್ನು ಅರ್ಧ ಗಂಟೆ ಮೊದಲು ಹಚ್ಚಿ, ಇಲ್ಲವೇ ಸಾಂಬ್ರಾಣಿ ಹಾಕಿ, ಹೊಗೆ ತೆಳ್ಳಗೆ ಹರಡುವವರೆಗೆ ಕಾದು ತೆಗೆಯಿರಿ. ದಟ್ಟವಾಗಿರುವಾಗ ತೆಗೆದರೆ ಎಲ್ಲವೂ ಬೂದು ಬಣ್ಣವಾಗುತ್ತದೆ, ಅಜ್ಜಿಗೆ ಕೆಮ್ಮೂ ಬರುತ್ತದೆ. ಕೋಲಿನ ಹಿಂದೆ ಕರಿಬಿದ್ದ ಗೋಡೆಯಿರಬೇಕು, ನೀವು ಬೆಳಕು ಬರುವ ದಿಕ್ಕಿಗೆ ಹೆಚ್ಚುಕಡಿಮೆ ಎದುರಾಗಿ, ಗಾಜಿನ ಹಂಚು ಚೌಕಟ್ಟಿನೊಳಗೆ ಬರದಂತೆ ನಿಲ್ಲಬೇಕು. ಹೊಗೆಯ ಕಣಗಳು ಬೆಳಕನ್ನು ಮುಂದಕ್ಕೇ ಹೆಚ್ಚು ಚೆದುರಿಸುವುದರಿಂದ, ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನಿಂತರೆ ಕೋಲು ಅರ್ಧದಷ್ಟೂ ಕಾಣುವುದಿಲ್ಲ. ಆ ಗಾಜಿನ ಹಂಚಿನ ಮೇಲಿನ ಪಾಚಿಯನ್ನು ತಿಕ್ಕಿಸಿದರೆ ಬೆಳಕು ಇಮ್ಮಡಿಯಾದೀತು.

ಬಿಸಿಲೇ ತಲುಪದ ನಡುಮನೆಗೆ ಕನ್ನಡಿ ಉಪಯೋಗಿಸಿ. ಮೈಸೂರಿನವರಾದ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಹಿಂದಿ ಚಿತ್ರದಲ್ಲಿ, ಸ್ಟುಡಿಯೋದ ಕತ್ತಲೆಗೆ ಇಳಿಯುವ ಬೆಳಕಿನ ಕಂಬಕ್ಕಾಗಿ ಹೊರಗಿನ ಬಿಸಿಲನ್ನೇ ದೊಡ್ಡ ಕನ್ನಡಿಗಳಿಂದ ಒಳಕ್ಕೆ ಹಾಯಿಸಿದ್ದರು. ನಿಮಗೆ ಬೀರುವಿನ ಬಾಗಿಲಿನ ಕನ್ನಡಿ ಸಾಕು. ಒಬ್ಬರು ಅಂಗಳದಲ್ಲಿ ಅದನ್ನು ಹಿಡಿದು ಬಿಸಿಲನ್ನು ನಡುಮನೆಯ ಸುಣ್ಣದ ಗೋಡೆಗೆ ಹೊಡೆಸಲಿ. ಮುಖಕ್ಕೆ ಹೊಡೆಸಬಾರದು, ಗೋಡೆಯಿಂದ ಪುಟಿದು ಬರುವ ಬೆಳಕೇ ಸಾಕಷ್ಟಾಗುತ್ತದೆ.

ಹಿತ್ತಿಲಗಿಡ (ಕೊಪ್ಪ)

ಸೂರಂಚು ಅವರೇ, ನಿಮ್ಮ ಅಜ್ಜಿ ಎದ್ದು ಹೋದದ್ದು ನ್ಯಾಯವಾಗಿಯೇ ಇದೆ. ನನಗೆ ಕ್ಯಾಮೆರಾ ಅಷ್ಟಾಗಿ ತಿಳಿಯದು, ಆದರೆ ನನ್ನ ಅತ್ತೆಯವರನ್ನು ನೋಡಿ ಒಂದು ಸಂಗತಿ ತಿಳಿದುಕೊಂಡಿದ್ದೇನೆ. ನಮ್ಮ ಮನೆಯಲ್ಲಿ ಕರೆಂಟು ಬಂದು ಎಷ್ಟೋ ವರ್ಷಗಳಾದರೂ ಅವರು ಅಕ್ಕಿ ಆರಿಸಲು ಬೆಳಗ್ಗೆ ಒಂದು ಜಾಗದಲ್ಲಿ, ಹೂ ಕಟ್ಟಲು ಸಂಜೆ ಬೇರೆ ಜಾಗದಲ್ಲಿ ಕೂರುತ್ತಾರೆ. ಮಳೆಗಾಲಕ್ಕೆ ಜಗಲಿಗೆ ತಟ್ಟಿ ಕಟ್ಟಿದ ಮೇಲೆ ಅವೆರಡೂ ಜಾಗಗಳು ಬದಲಾಗುತ್ತವೆ. ಬಹಳ ಕಾಲ ಅದನ್ನು ನಾನು ಹಟವೆಂದು ತಿಳಿದಿದ್ದೆ. ಒಮ್ಮೆ ಆ ಜಾಗದಲ್ಲಿ ನಾನೇ ಕೂತು ಅಕ್ಕಿ ಆರಿಸಿದಾಗ ಕಲ್ಲು, ನೆಲ್ಲು ಎಲ್ಲವೂ ತಾವಾಗಿಯೇ ಎದ್ದು ಕಂಡವು. ಬೆಳಕು ಪಕ್ಕದಿಂದ, ತಗ್ಗಿನಲ್ಲಿ ಬರುತ್ತಿತ್ತು, ಒಂದೊಂದು ಕಾಳಿಗೂ ಒಂದೊಂದು ನೆರಳಿತ್ತು.

ಆದ್ದರಿಂದ ಅಜ್ಜಿಯನ್ನು ಎಲ್ಲಿ ಕೂರಿಸಬೇಕೆಂದು ಯೋಚಿಸಬೇಡಿ. ಅವರು ಎಲ್ಲಿ, ಎಷ್ಟು ಹೊತ್ತಿಗೆ ತಾವಾಗಿಯೇ ಕೂರುತ್ತಾರೆಂದು ಎರಡು ದಿನ ಕ್ಯಾಮೆರಾ ಇಲ್ಲದೆ ನೋಡಿ. ಈಗ ಅಡಿಕೆ ಸುಗ್ಗಿಯಾದ್ದರಿಂದ ಅವರಿಗೆ ಮಾಡಲು ಕೆಲಸವೂ ಇರುತ್ತದೆ. ಕೈಯಲ್ಲಿ ಕೆಲಸವಿದ್ದವರು ಫೋಟೋದವರನ್ನು ಮರೆತುಬಿಡುತ್ತಾರೆ.

ನಿವೃತ್ತ ಮೇಷ್ಟ್ರು (ಶಿವಮೊಗ್ಗ)

ಕೊಪ್ಪದವರ ಮಾತಿನ ಮುಂದೆ ನನ್ನ ಲೆಕ್ಕವೆಲ್ಲ ಅರ್ಧಕ್ಕೆ ನಿಂತಿತು. ಒಂದು ಸಣ್ಣ ಸೇರ್ಪಡೆ ಮಾತ್ರ: ಬಿಡುವಾದರೆ ಕುಪ್ಪಳಿಯ ಕವಿಮನೆಗೆ ಒಂದು ಮಧ್ಯಾಹ್ನ ಹೋಗಿಬನ್ನಿ, ನಿಮಗೆ ಹತ್ತಿರವೇ. ಅದೂ ತೊಟ್ಟಿ ಮನೆ. ಒಳಅಂಗಳದ ಒಂದೇ ಬೆಳಕು ಸುತ್ತಲಿನ ಜಗಲಿಗೆ ಒಂದು ಬಗೆಯಲ್ಲಿ, ಒಳಗಿನ ಕೋಣೆಗಳಿಗೆ ಇನ್ನೊಂದು ಬಗೆಯಲ್ಲಿ, ಮಹಡಿಗೆ ಮತ್ತೊಂದು ಬಗೆಯಲ್ಲಿ ಹಂಚಿಕೆಯಾಗುವುದನ್ನು ಬರಿಗಣ್ಣಿನಿಂದ ನೋಡಿದರೆ ನಿಮ್ಮ ಮನೆಯ ಬೆಳಕೂ ಹೆಚ್ಚು ತಿಳಿಯುತ್ತದೆ.

ಸೂರಂಚು (ತೀರ್ಥಹಳ್ಳಿ ತಾಲ್ಲೂಕು)

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಅಡಿಕೆ ಕೊಯ್ಲಿನ ನಡುವೆ ಮನೆಯವರಿಗೆಲ್ಲ ಊಟ ಬಡಿಸುವುದೇ ಒಂದು ಕೆಲಸವಾಗಿತ್ತು.

ಕೊಪ್ಪದವರು ಹೇಳಿದಂತೆ ಎರಡು ದಿನ ಸುಮ್ಮನೆ ನೋಡಿದೆ. ಅಜ್ಜಿ ಬೆಳಗ್ಗೆ ಹತ್ತು ಗಂಟೆಯ ನಂತರ ಮೊರ ಹಿಡಿದುಕೊಂಡು ಅಡುಗೆಮನೆಯ ಹೊಸ್ತಿಲ ಒಳಗೆ, ಅಕ್ಕಿಯ ಪೆಟ್ಟಿಗೆಗೆ ಒರಗಿ ಕೂರುತ್ತಾರೆ. ಗಾಜಿನ ಹಂಚಿನ ಬೆಳಕು ಗೋಡೆಯಿಂದ ಇಳಿದು 10 ಗಂಟೆ 40 ನಿಮಿಷಕ್ಕೆ ಪೆಟ್ಟಿಗೆಯ ಮೇಲೆ, ಇನ್ನು ಐದಾರು ನಿಮಿಷಕ್ಕೆ ಮೊರದ ಮೇಲೆ ಬರುತ್ತದೆ. ಅದು ಮೊರವನ್ನು ದಾಟುತ್ತಿದ್ದಂತೆ ಅವರು ಅಕ್ಕಿಯನ್ನು ಪಾತ್ರೆಗೆ ಸುರಿದು ಏಳುತ್ತಾರೆ. ಗಡಿಯಾರದ ಕಡೆ ಒಮ್ಮೆಯೂ ನೋಡುವುದಿಲ್ಲ. ಮೂರನೆಯ ದಿನ ನಾನು ಬಾಗಿಲ ಹೊರಗೆ ನೆಲದ ಮೇಲೆ ಕೂತು, ಅಪ್ಪನ ಪಂಚೆಯನ್ನು ಮುಂದೆ ಹಾಸಿ, ಅಳತೆಯನ್ನು ಮೊರದ ಅಕ್ಕಿಯಿಂದ ತೆಗೆದುಕೊಂಡು ಕಾದೆ. ಹತ್ತೊಂಬತ್ತು ಫೋಟೋಗಳಲ್ಲಿ ನಾಲ್ಕು ಸರಿಯಾಗಿವೆ. ಒಂದರಲ್ಲಿ ಅಕ್ಕಿ, ಎರಡು ಕೈ, ಮೂಗಿನ ಬೊಟ್ಟು ಇಷ್ಟೇ ಕಾಣುತ್ತವೆ, ಉಳಿದದ್ದೆಲ್ಲ ಕಪ್ಪು. ಅದನ್ನು ಅಜ್ಜಿಗೆ ತೋರಿಸಿದಾಗ, ಪೆಟ್ಟಿಗೆ ಎಲ್ಲಿ ಹೋಯಿತೆಂದು ಕೇಳಿದರು.

ಬೂಸು ಹಿಡಿದ ಮೂಲೆ ಎಡಗಡೆಗೆ ಮಂಕಾಗಿ ಕಾಣುತ್ತಿರುವುದು ಹಾಗೆಯೇ ಇದೆ. ಆಚಾರಿಯವರು ಜನವರಿ 27ಕ್ಕೆ ಬರುತ್ತಾರೆ. ಗಾಜಿನ ಹಂಚುಗಳೆರಡನ್ನೂ ಒಡೆಯದೆ ಇಳಿಸಿಕೊಡಬೇಕೆಂದು ಅವರಿಗೆ ಹೇಳಿಟ್ಟಿದ್ದೇನೆ. ಶೀಟಿನ ಮಾಡಿನಲ್ಲಿ ಅವನ್ನೇ ಮತ್ತೆ ಕೂರಿಸಿ ಸೋರದಂತೆ ಮಾಡಿದವರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.